ಯೂರಿಯಾ ಇಳಿದ್ರೆ ರಕ್ತ ಕ್ಲೀನ್ ಆಯ್ತಾ? (ಕಿಡ್ನಿ ಸೀರೀಸ್, ಭಾಗ 4)

'ಏಳು ದಿನದಲ್ಲಿ ಕಿಡ್ನಿ ಡಿಟಾಕ್ಸ್' ರೀಲ್ ಶೇರ್ ಮಾಡಿದವರೆಲ್ಲ ಸ್ವಲ್ಪ ಇಲ್ಲಿ ಬನ್ನಿ. ಜಗಳ ಇದೆ.

ಕಿಡ್ನಿ ಕೈಕೊಟ್ಟವರ ರಕ್ತದಲ್ಲಿ ಸೇರೋ ವಿಷ ಒಂದೆರಡಲ್ಲ, ಹತ್ತಾರು ಬಗೆ. ರಿಪೋರ್ಟಲ್ಲಿ ನೀವು ನೋಡೋ ಯೂರಿಯಾ ಅದರಲ್ಲಿ ಪುಟಾಣಿ. 60 ಡಾಲ್ಟನ್ ತೂಕ, ನೀರಲ್ಲಿ ಕರಗುತ್ತೆ, ಡಯಾಲಿಸಿಸ್ ಫಿಲ್ಟರಿನ ತೂತಲ್ಲಿ ಸಲೀಸಾಗಿ ಹೊರಗೆ ಹೋಗುತ್ತೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಸುಮಾರು 11,800 ಡಾಲ್ಟನ್. ಅದು ತೆವಳಿಕೊಂಡು ಹೋಗೋದು. ಉಳಿದದ್ದು ವರ್ಷಗಟ್ಟಲೆ ಕೀಲುಗಳಲ್ಲಿ ಕೂತು ನೋವು ಕೊಡುತ್ತೆ.

ಇಂಡಾಕ್ಸಿಲ್ ಸಲ್ಫೇಟ್ ಅಂತೂ ಮಹಾ ಕಿಲಾಡಿ. ನಾವು ತಿಂದ ಪ್ರೋಟೀನಿನಿಂದ ಕರುಳಿನ ಬ್ಯಾಕ್ಟೀರಿಯಾ ಇಂಡೋಲ್ ಮಾಡ್ತವೆ, ಲಿವರ್ ಅದನ್ನ ಈ ರೂಪಕ್ಕೆ ತರುತ್ತೆ. ರಕ್ತದಲ್ಲಿ ಇದರ 90%ಗಿಂತ ಹೆಚ್ಚು ಪಾಲು ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತೆ. ಆಲ್ಬುಮಿನ್ ಫಿಲ್ಟರ್ ದಾಟಲ್ಲ, ಹಾಗಾಗಿ ಇದೂ ಬಹುಪಾಲು ಒಳಗೇ. ರಕ್ತನಾಳ, ಹೃದಯ ಎರಡಕ್ಕೂ ಒಳ್ಳೇದಲ್ಲ.

ಈಗ ಹೇಳಿ, 'ಯೂರಿಯಾ ಇಳಿದಿದೆಯಲ್ಲ, ಇವತ್ತು ಒಂದು ಗಂಟೆ ಮೊದಲೇ ಬಿಚ್ಚಿಬಿಡಿ' ಅನ್ನೋದು ಯಾವ ಲೆಕ್ಕ? ಫಾಸ್ಫೇಟ್ ಜೀವಕೋಶಗಳ ಒಳಗಿಂದ ನಿಧಾನಕ್ಕೆ ರಕ್ತಕ್ಕೆ ಬರಬೇಕು, ಆಮೇಲೆ ತಾನೇ ಮೆಷಿನ್ ಅದನ್ನ ಹಿಡಿಯೋದು. ಅದಕ್ಕೆ ಬೇಕಿರೋದು ಟೈಮು. ಒಳ್ಳೆ ಕಿಡ್ನಿ ವಾರಕ್ಕೆ 168 ಗಂಟೆ ದುಡಿಯುತ್ತೆ. ಡಯಾಲಿಸಿಸ್ 4 ಗಂಟೆಯಂತೆ ಮೂರು ಸಲ, ಅಂದ್ರೆ 12 ಗಂಟೆ. ಅದರಲ್ಲೂ ಕಡಿತಾನಾ?

ಇನ್ನೊಂದು ಮಾತು. ಯೂರಿಯಾ ಬರೋದು ಪ್ರೋಟೀನಿನಿಂದ. ಊಟ ಸೇರದೆ ಸೊರಗಿದ ಅಜ್ಜನ ಯೂರಿಯಾನೂ ಕಡಿಮೆ ಇರಬಹುದು. ಮನೆಯವ್ರು ಖುಷಿ ಪಡ್ತಾರೆ. ನಂಗೆ ಭಯ ಆಗುತ್ತೆ.

ವಾರಕ್ಕೆ ಎರಡೇ ಸಲ ಮಾಡಿಸ್ಕೊಳ್ಳೋರು ನಮ್ಮಲ್ಲಿ ಎಷ್ಟೋ ಜನ. ಅವರನ್ನ ಬೈಯೋಕೆ ನನಗೆ ಬಾಯಿಲ್ಲ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡೋ ರಾಷ್ಟ್ರೀಯ ಯೋಜನೆ 2016ರಲ್ಲೇ ಬಂತು, ಸರಿ. ಆದ್ರೆ ಪ್ರತಿ ಸಲ ಬಸ್ ಚಾರ್ಜು, ಜೊತೆಗೆ ಬಂದವರ ಒಂದು ದಿನದ ಕೂಲಿ ಯಾರು ಕೊಡ್ತಾರೆ? ಸಿಟ್ಟು ಮಾಡೋದಿದ್ರೆ ಅಲ್ಲಿ ಮಾಡಿ. ಮೂರನೇ ಸಲಕ್ಕೆ ದುಡ್ಡಿಲ್ಲದ ಮನೆಗೆ ಡಿಟಾಕ್ಸ್ ಪುಡಿ ಮಾರೋರ ಮೇಲೂ ಮಾಡಿ.

ಜ್ಯೂಸ್ ಭಕ್ತರಿಗೆ: ಸ್ಕೂಲ್ ಗೇಟ್ ಹತ್ರ ಉಪ್ಪು-ಖಾರ ಹಾಕಿ ತಿಂತಿದ್ವಲ್ಲ ಸ್ಟಾರ್ ಫ್ರೂಟ್, ಅದೇ ದಾರೆಹುಳಿ, ಅದರಲ್ಲಿ ಕ್ಯಾರಂಬಾಕ್ಸಿನ್ ಅನ್ನೋ ನರವಿಷ ಇದೆ. ನಮ್ಮ ಕಿಡ್ನಿ ಅದನ್ನ ಹೊರಗೆ ಹಾಕುತ್ತೆ. ಡಯಾಲಿಸಿಸ್‌ನಲ್ಲಿರೋರಿಗೆ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. 'ನ್ಯಾಚುರಲ್' ಅಂತೆ!

ಮನೇಲಿ ಯಾರಾದ್ರೂ ಡಯಾಲಿಸಿಸ್‌ನಲ್ಲಿದ್ರೆ ಇವತ್ತೇ ಕೇಳಿ: ಕಳೆದ ವಾರ ಒಟ್ಟು ಎಷ್ಟು ಗಂಟೆ ಆಯ್ತು? ಉತ್ತರ ಕಾಮೆಂಟಲ್ಲಿ ಹಾಕಿ, ಹೆಸರು ಬೇಡ. ಭಾಗ 5 ಎಳನೀರು ಮತ್ತು ಪೊಟ್ಯಾಸಿಯಂ ಬಗ್ಗೆ.

#ಕಿಡ್ನಿಸೀರೀಸ್ #ಡಯಾಲಿಸಿಸ್ #ಡಿಟಾಕ್ಸ್‌ಬೇಡಮಾರಾಯ