ಹ್ಯೂಸ್ಟನ್‌ನಲ್ಲಿ ಸೌದಿ ತಂಡಕ್ಕೆ ಡಿಫೆನ್ಸ್ ಸಾಲದು, ಗೋಲು ಬೇಕು

ಡಿಸೆಂಬರ್ 5ರಂದು ವಾಷಿಂಗ್ಟನ್‌ನಲ್ಲಿ 2026ರ ವಿಶ್ವಕಪ್ ಫುಟ್ಬಾಲ್ ಡ್ರಾ ಮುಗಿದ ಮೇಲೆ ರಿಯಾದ್, ಜಿದ್ದಾ, ದಮ್ಮಾಮ್ ಕಡೆಯ ಕನ್ನಡಿಗರ ಫುಟ್ಬಾಲ್ ಮಾತೆಲ್ಲ ಎರಡು ಹೆಸರಿನ ಸುತ್ತಲೇ ತಿರುಗುತ್ತಿದೆ: ಸ್ಪೇನ್ ಮತ್ತು ಉರುಗ್ವೆ. ಸೌದಿ ಅರೇಬಿಯಾ ಇರುವ ಎಚ್ ಗುಂಪಿನಲ್ಲಿ ಈ ಇಬ್ಬರೂ ಇದ್ದಾರೆ. ಜೂನ್ 15ಕ್ಕೆ ಮಯಾಮಿಯಲ್ಲಿ ಉರುಗ್ವೆ, 21ಕ್ಕೆ ಅಟ್ಲಾಂಟಾದಲ್ಲಿ ಸ್ಪೇನ್. ಆದರೆ ಸೌದಿಯ ಹಣೆಬರಹ ನಿಜವಾಗಿ ತೀರ್ಮಾನವಾಗುವುದು ಮೂರನೇ ಪಂದ್ಯದಲ್ಲಿ. ಅದು ಜೂನ್ 26ರ ಸಂಜೆ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ, ಕೇಪ್ ವರ್ಡೆ ವಿರುದ್ಧ. ಸೌದಿಯಲ್ಲಿ ಆಗ ಶನಿವಾರ ಬೆಳಗಿನ ಜಾವ 3 ಗಂಟೆ, ಮಂಗಳೂರಿನಲ್ಲಿ 5.30. ಶುಕ್ರವಾರದ ರಜೆ ಮುಗಿದು ಬೆಳಿಗ್ಗೆ ಡ್ಯೂಟಿ ಇರುವವರಿಗೆ ಆ ರಾತ್ರಿ ನಿದ್ದೆ ಇಲ್ಲ ಅಂತಲೇ ಲೆಕ್ಕ.

ಟೆಕ್ಸಾಸ್ ಈ ತಂಡಕ್ಕೆ ಹೊಸ ಊರಲ್ಲ. ಸೌದಿ ಫುಟ್ಬಾಲ್ ಇದುವರೆಗೆ ಏರಿದ ಅತ್ಯಂತ ಎತ್ತರದ ಮೆಟ್ಟಿಲು ಇರುವುದೇ ಡಲ್ಲಾಸ್‌ನಲ್ಲಿ. 1994ರಲ್ಲಿ ಮೊದಲ ಸಲ ವಿಶ್ವಕಪ್‌ಗೆ ಬಂದ ತಂಡ ಮೊರಾಕ್ಕೊವನ್ನು 2-1ರಿಂದ, ಬೆಲ್ಜಿಯಂ ಅನ್ನು 1-0ರಿಂದ ಸೋಲಿಸಿತು. ಬೆಲ್ಜಿಯಂ ವಿರುದ್ಧ ಸಯೀದ್ ಅಲ್ ಒವೈರಾನ್ ತನ್ನ ಅರ್ಧದಿಂದಲೇ ಚೆಂಡು ಹಿಡಿದು ಓಡಿ, ಎದುರಿಗೆ ಬಂದವರನ್ನೆಲ್ಲ ದಾಟಿ ಹೊಡೆದ ಗೋಲನ್ನು ಸೌದಿಯ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಆಮೇಲೆ ಜುಲೈ 3ರಂದು ಡಲ್ಲಾಸ್‌ನ ಕಾಟನ್ ಬೌಲ್ ಮೈದಾನದಲ್ಲಿ ಸ್ವೀಡನ್ ಎದುರು 1-3ರ ಸೋಲು. ಕೊನೆಯ 16ರ ಆ ಹಂತವನ್ನು ಸೌದಿ ಮತ್ತೆ ಮುಟ್ಟಲೇ ಇಲ್ಲ. 1998, 2002, 2006, 2018, 2022 ಐದು ಸಲವೂ ಗುಂಪಿನಲ್ಲೇ ಆಟ ಮುಗಿಯಿತು.

ಎರಡನೇ ಊರು ಆಸ್ಟಿನ್. ಕಳೆದ ಜೂನ್ 19ರಂದು ಅಲ್ಲಿನ ಕ್ಯೂ2 ಸ್ಟೇಡಿಯಂನಲ್ಲಿ ಗೋಲ್ಡ್ ಕಪ್‌ಗೆ ಅತಿಥಿಯಾಗಿ ಬಂದ ಸೌದಿ, ಅಮೆರಿಕದ ಎದುರು 0-1ರಿಂದ ಸೋತಿತು. ಈ ತಂಡದ ಒಳ್ಳೆಯದು ಕೆಟ್ಟದ್ದು ಎರಡನ್ನೂ ನೋಡಬೇಕಾದರೆ ಆ ಒಂದು ಪಂದ್ಯ ಸಾಕು. ಒಂದು ಗಂಟೆ ಹೊತ್ತು ಡಿಫೆನ್ಸ್ ಗಟ್ಟಿಯಾಗಿ ನಿಂತಿತು. 63ನೇ ನಿಮಿಷದಲ್ಲಿ ಒಂದು ಫ್ರೀ ಕಿಕ್‌ಗೆ ಕ್ರಿಸ್ ರಿಚರ್ಡ್ಸ್ ಗೋಲು ಹಾಕಿದರು, ಅಷ್ಟೇ. ಒಂದು ಗೋಲು ತಿರುಗಿಸುವ ಶಕ್ತಿ ಸೌದಿಗೆ ಇರಲಿಲ್ಲ. ಅಲ್ ಹಿಲಾಲ್‌ನ ಆಟಗಾರರು ಅದೇ ವೇಳೆ ಕ್ಲಬ್ ವಿಶ್ವಕಪ್‌ನಲ್ಲಿದ್ದರು ಎನ್ನುವುದು ಒಪ್ಪತಕ್ಕ ಮಾತು. ಆದರೂ ಆ ಗೋಲ್ಡ್ ಕಪ್‌ನ ನಾಲ್ಕು ಪಂದ್ಯಗಳಲ್ಲಿ ಸೌದಿ ಹೊಡೆದದ್ದು ಎರಡೇ ಗೋಲು, ಅದರಲ್ಲೂ ಒಂದು ಪೆನಾಲ್ಟಿ.

ಇದು ಒಂದು ಟೂರ್ನಿಯ ಕಥೆಯಲ್ಲ. ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿನಲ್ಲಿ 10 ಪಂದ್ಯ ಆಡಿ ಸೌದಿ ಹಾಕಿದ್ದು 7 ಗೋಲು, ಬಿಟ್ಟುಕೊಟ್ಟದ್ದು 8. ಜಪಾನ್, ಆಸ್ಟ್ರೇಲಿಯಾ ನೇರವಾಗಿ ಹೋದವು, ಸೌದಿ ನಾಲ್ಕನೇ ಸುತ್ತಿಗೆ ಬಿತ್ತು. ಅಕ್ಟೋಬರ್‌ನಲ್ಲಿ ಜಿದ್ದಾದಲ್ಲಿ ಇಂಡೋನೇಷ್ಯಾವನ್ನು 3-2ರಿಂದ ಸೋಲಿಸಿ, ಇರಾಕ್ ಜೊತೆ 0-0 ಮಾಡಿಕೊಂಡು, ಹೆಚ್ಚು ಗೋಲು ಹೊಡೆದ ಲೆಕ್ಕದ ಮೇಲೆ ಟಿಕೆಟ್ ಸಿಕ್ಕಿತು. ಡಿಸೆಂಬರ್ 15ಕ್ಕೆ ಕತಾರ್‌ನ ಅರಬ್ ಕಪ್ ಸೆಮಿಫೈನಲ್‌ನಲ್ಲಿ ಜೋರ್ಡಾನ್ ಎದುರು ಮತ್ತದೇ 0-1. (ಕರಾವಳಿಯ ಮೆಸ್ಸಿ ಅಭಿಮಾನಿಗಳು ಗಮನಿಸಬೇಕು: ಇದೇ ಜೋರ್ಡಾನ್ ಜೂನ್ 27ಕ್ಕೆ ಡಲ್ಲಾಸ್‌ನಲ್ಲಿ ಅರ್ಜೆಂಟೀನಾದ ಎದುರಾಳಿ.)

2022ರ ನವೆಂಬರ್ 22ರ ಲುಸೈಲ್ ಪಂದ್ಯವನ್ನು ಯಾರೂ ಮರೆತಿಲ್ಲ. ಅರ್ಜೆಂಟೀನಾ ವಿರುದ್ಧ 2-1ರ ಗೆಲುವು, ಮರುದಿನ ಸೌದಿಯಲ್ಲಿ ಸರ್ಕಾರಿ ರಜೆ. ಮೊದಲಾರ್ಧದಲ್ಲಿ ಅರ್ಜೆಂಟೀನಾದ ಮೂರು ಗೋಲುಗಳನ್ನು ಆಫ್‌ಸೈಡ್ ಬಲೆಗೆ ಬೀಳಿಸಿದ ಧೈರ್ಯ ದೊಡ್ಡದೇ. ಆದರೆ ಅದರ ನಂತರದ್ದು ಜನರಿಗೆ ಅಷ್ಟು ನೆನಪಿಲ್ಲ: ಪೋಲೆಂಡ್ ಎದುರು 0-2, ಮೆಕ್ಸಿಕೊ ಎದುರು 1-2, ಗುಂಪಿನಲ್ಲಿ ಕೊನೆಯ ಸ್ಥಾನ. ದೊಡ್ಡವರು ಮುನ್ನುಗ್ಗಿ ಬಂದಾಗ ಅವರ ಬೆನ್ನ ಹಿಂದೆ ಜಾಗ ಸಿಗುತ್ತದೆ, ಸೌದಿ ಆಗ ಚೆನ್ನಾಗಿ ಆಡುತ್ತದೆ. ಎದುರಾಳಿ ಹಿಂದೆ ಕೂತು ‘ಈಗ ನೀವೇ ಆಡಿ’ ಅಂದಾಗ ಕೈಕಾಲು ಓಡುವುದಿಲ್ಲ.

ಕಾರಣವನ್ನು ದೂರ ಹುಡುಕಬೇಕಿಲ್ಲ. 2011ರಲ್ಲಿ ನಿತಾಖತ್ ಬಂದ ಮೇಲೆ ಕಂಪೆನಿಗಳಲ್ಲಿ ಇಷ್ಟು ಮಂದಿ ಸೌದಿಗಳು ಇರಲೇಬೇಕು ಎಂಬ ನಿಯಮ ಎಷ್ಟು ಕನ್ನಡಿಗರ ಇಖಾಮಾ ತಿಂದುಹಾಕಿತು ಎಂದು ಓದುಗರಿಗೆ ಹೇಳಬೇಕಿಲ್ಲ. ಫುಟ್ಬಾಲ್ ಮೈದಾನದಲ್ಲಿ ಮಾತ್ರ ಅದು ತಿರುವುಮುರುವು. ಸೌದಿ ಲೀಗ್‌ನ ಕ್ಲಬ್ ಒಂದು ಪಂದ್ಯಕ್ಕೆ 8 ವಿದೇಶಿಗರನ್ನು ಇಟ್ಟುಕೊಳ್ಳಬಹುದು. ಹನ್ನೊಂದರಲ್ಲಿ ಊರಿನ ಹುಡುಗರಿಗೆ ಉಳಿಯುವುದು ಮೂರು ಜಾಗ. ಗೋಲು ಹೊಡೆಯುವ ಜಾಗವಂತೂ ಮೊದಲು ಹೋಗುತ್ತದೆ: 2025ರ ಕೊನೆಗೆ ಅಲ್ ನಸ್ರ್‌ನಲ್ಲಿ ರೊನಾಲ್ಡೊ, ಇತ್ತಿಹಾದ್‌ನಲ್ಲಿ ಬೆಂಜೆಮಾ, ಅಹ್ಲಿಯಲ್ಲಿ ಟೋನಿ, ಹಿಲಾಲ್‌ನಲ್ಲಿ ಉರುಗ್ವೆಯ ನುನೆಜ್ ಇದ್ದರು. ಇಂಡೋನೇಷ್ಯಾ ವಿರುದ್ಧ ಎರಡು ಗೋಲು ಹಾಕಿ ಮಾನ ಉಳಿಸಿದ ಫಿರಾಸ್ ಅಲ್ ಬುರೈಕಾನ್ ತನ್ನ ಕ್ಲಬ್ ಅಹ್ಲಿಯಲ್ಲಿ ಟೋನಿಯ ನಂತರದವರೇ. ತನ್ನ ಆಟಗಾರರು ಬೆಂಚು ಕಾಯುತ್ತಿದ್ದಾರೆ ಎಂದು ಹಿಂದಿನ ಕೋಚ್ ಮ್ಯಾನ್ಸಿನಿ ಬಹಿರಂಗವಾಗಿಯೇ ಗೊಣಗಿದ್ದರು. 2024ರ ಅಕ್ಟೋಬರ್‌ನಲ್ಲಿ ಅವರನ್ನು ಕಳುಹಿಸಿ, ಲುಸೈಲ್ ಗೆಲುವಿನ ರೆನಾರ್ಡ್ ಅವರನ್ನು ಮತ್ತೆ ಕರೆತಂದರು. ಬೆಂಚು ಹಾಗೇ ಇದೆ.

ಹಿಲಾಲ್ ಕ್ಲಬ್ ವಿಶ್ವಕಪ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 4-3ರಿಂದ ಸೋಲಿಸಿದಾಗ ಸೌದಿಯೇ ಗೆದ್ದಷ್ಟು ಸಂಭ್ರಮವಿತ್ತು. ಆ ನಾಲ್ಕು ಗೋಲುಗಳಲ್ಲಿ ಸೌದಿ ಆಟಗಾರನದು ಒಂದೂ ಇಲ್ಲ.

ದೊಡ್ಡ ಆಟಗಾರರ ಜೊತೆ ದಿನವೂ ಪ್ರಾಕ್ಟೀಸ್ ಮಾಡಿದರೆ ಲಾಭ ಇಲ್ಲವೇ? ಇದೆ. 2025ರಲ್ಲಿ ಎರಡನೇ ಸಲ ಏಷ್ಯಾದ ಶ್ರೇಷ್ಠ ಆಟಗಾರ ಎನಿಸಿಕೊಂಡ ಸಾಲೆಮ್ ಅಲ್ ದೌಸರಿ ಅದಕ್ಕೆ ಸಾಕ್ಷಿ. ಆದರೆ ಅವರಿಗೆ ಈಗ 34. ಬಲಬದಿಯ ಸೌದ್ ಅಬ್ದುಲ್ಹಮೀದ್ ರೋಮಾಕ್ಕೆ ಹೋಗಿ, ಅಲ್ಲಿಂದ ಫ್ರಾನ್ಸ್‌ನ ಲೆನ್ಸ್‌ನಲ್ಲಿ ಆಡುತ್ತಿದ್ದಾರೆ. ದುಡಿಮೆಗೆ ಹೊರದೇಶಕ್ಕೆ ಹೋಗುವ ಸೌದಿ ಆಟಗಾರ ಇನ್ನೂ ಅಪರೂಪ.

ಹ್ಯೂಸ್ಟನ್‌ನ ಎದುರಾಳಿ ಈ ವಿಷಯದಲ್ಲಿ ಪೂರ್ತಿ ಉಲ್ಟಾ. ಕೇಪ್ ವರ್ಡೆ ಅಟ್ಲಾಂಟಿಕ್ ಸಮುದ್ರದ ಪುಟ್ಟ ದ್ವೀಪಗಳ ದೇಶ, ಜನಸಂಖ್ಯೆ 5 ಲಕ್ಷದ ಆಸುಪಾಸು. ಅಲ್ಲಿಯವರು ತಲೆಮಾರುಗಳಿಂದ ಹೊಟ್ಟೆಪಾಡಿಗೆ ಹೊರಗೆ ಹೋದವರು, ನಮ್ಮ ಕರಾವಳಿಯ ಹಾಗೆ. ಆ ವಲಸಿಗರ ಮಕ್ಕಳನ್ನೇ ಹುಡುಕಿ ಕರೆದು ತಂಡ ಕಟ್ಟಿದ್ದಾರೆ. ಡಬ್ಲಿನ್‌ನಲ್ಲಿ ಹುಟ್ಟಿದ ಡಿಫೆಂಡರ್ ರೊಬೆರ್ಟೊ ಲೊಪೆಸ್‌ಗೆ ಕರೆ ಬಂದದ್ದು ಲಿಂಕ್ಡ್‌ಇನ್ ಮೆಸೇಜ್‌ನಲ್ಲಿ. ಪೋರ್ಚುಗೀಸ್ ಭಾಷೆಯಲ್ಲಿದ್ದ ಅದನ್ನು ಅವರು ಮೊದಲು ಸ್ಪ್ಯಾಮ್ ಅಂದುಕೊಂಡಿದ್ದರಂತೆ. ಅಂಥವರು ಕ್ಯಾಮರೂನ್ ಅನ್ನು ಹಿಂದೆ ಹಾಕಿ ಗುಂಪಿನಲ್ಲಿ ಮೊದಲಿಗರಾಗಿ ಬಂದಿದ್ದಾರೆ. ಸಣ್ಣ ದೇಶ, ಮೊದಲ ವಿಶ್ವಕಪ್ ಎಂದು ಹಗುರವಾಗಿ ನೋಡಿದರೆ ಕೆಟ್ಟೀತು. ಹಿಂದೆ ಕೂತು ಕಾದು ಆಡಬೇಕೆಂದರೆ ಅದಕ್ಕೂ ಅವರು ತಯಾರು. ಸೌದಿಗೆ ಕಷ್ಟವಾಗುವುದೇ ಅಂಥ ಆಟ.

ಲೆಕ್ಕ ಹೀಗಿದೆ. ಈ ಸಲ 48 ತಂಡ, 12 ಗುಂಪು. ಪ್ರತಿ ಗುಂಪಿನಿಂದ ಇಬ್ಬರ ಜೊತೆಗೆ ಮೂರನೇ ಸ್ಥಾನದ ಎಂಟು ಒಳ್ಳೆಯ ತಂಡಗಳಿಗೂ ಮುಂದಿನ ಸುತ್ತು ಸಿಗುತ್ತದೆ. ಉರುಗ್ವೆ 2018ರಲ್ಲಿ, ಸ್ಪೇನ್ 2006ರಲ್ಲಿ ಸೌದಿಯನ್ನು ಸೋಲಿಸಿದ್ದು 1-0ರಿಂದ ಮಾತ್ರ. ಹಾಗೆ ಕಡಿಮೆ ಅಂತರದಲ್ಲಿ ಸೋತು ಹ್ಯೂಸ್ಟನ್‌ಗೆ ಬಂದರೂ, ಅಲ್ಲಿ ಗೆದ್ದರೆ ಸಿಗುವ ಮೂರು ಅಂಕದಿಂದ ಆಸೆ ಉಳಿಯುತ್ತದೆ. ಇರಾಕ್ ವಿರುದ್ಧ ಆಡಿದಂತೆ 0-0ಕ್ಕೆ ಆಡಿದರೆ ಸಿಗುವುದು ಒಂದೇ ಅಂಕ. ಆ ಅಂಕಕ್ಕೆ ಯಾರೂ ಮುಂದಿನ ಸುತ್ತಿನ ಟಿಕೆಟ್ ಕೊಡುವುದಿಲ್ಲ.