ಯಾರು ಓದ್ತಾರೆ ಅಂತ ಬರೀತೀಯ?

"ಯಾರು ಓದ್ತಾರೆ ಅಂತ ಬರೀತೀಯ ಗುರೂ?"

ಈ ಪ್ರಶ್ನೆಯನ್ನು ಇನ್ನೂ ಕೇಳಿಸಿಕೊಳ್ಳದವರು ನಮ್ಮಲ್ಲಿ ಒಬ್ಬರಾದರೂ ಇದ್ದರೆ ಅವರಿಗೆ ನನ್ನ ಅಭಿನಂದನೆಗಳು. ನನಗಂತೂ ತಿಂಗಳಿಗೆ ಎರಡು ಸಲವಾದರೂ ಸಿಗುತ್ತೆ. ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಇಂಜಿನಿಯರಿಂಗ್ ಕಾಲೇಜಿನ ಹಳೇ ಗೆಳೆಯರು ಸೇರಿದಾಗ. ಕೇಳುವವರು ಕೆಟ್ಟವರೇನಲ್ಲ. ಆದರೆ ಆ ಪ್ರಶ್ನೆಯೊಳಗೆ ತೀರ್ಮಾನ ಮೊದಲೇ ಕೂತಿರುತ್ತೆ: ಓದುವವರಿಲ್ಲದಿದ್ದರೆ ಬರೆಯೋದು ದಂಡ. ಆ ತೀರ್ಮಾನ ತಪ್ಪು ಅಂತ ಹೇಳೋದಕ್ಕೇ ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ಮೊದಲು ನಮ್ಮ ಕಸುಬಿನ ಮಾತು. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ನಾವು ಬರೆಯುವ ಪ್ರತಿಯೊಂದು ಪ್ರೋಗ್ರಾಮೂ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತೆ. ಅದಕ್ಕೆ ಲಾಗ್ ಅಂತೀವಿ. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಯಾರೋ ಲಾಗಿನ್ ಆದರು, ಇಷ್ಟು ಹೊತ್ತಿಗೆ ಡೇಟಾಬೇಸ್ ಉತ್ತರ ಕೊಡಲಿಲ್ಲ, ಮತ್ತೆ ಕೇಳಿದೆ, ಕೊಟ್ಟಿತು... ಹೀಗೆ ದಿನಕ್ಕೆ ಲಕ್ಷಗಟ್ಟಲೆ ಸಾಲು. ಇದನ್ನು ಯಾರು ಓದ್ತಾರೆ? ಯಾರೂ ಓದಲ್ಲ! ಎಲ್ಲ ಸರಿಯಿರುವ ದಿನ ಒಬ್ಬನೂ ಅದರ ಕಡೆ ತಿರುಗಿ ನೋಡಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಫೋನ್ ಬಂದು "ಎಲ್ಲ ನಿಂತುಹೋಗಿದೆ" ಅಂದಾಗ ಎಲ್ಲರೂ ಮೊದಲು ಹುಡುಕೋದು ಅದನ್ನೇ. ಬೇಕಾದ ಸಾಲು ಅಲ್ಲಿ ಇಲ್ಲದಿದ್ದರೆ, ಬರೆಯದೇ ಬಿಟ್ಟವನಿಗೆ ಸಹಸ್ರನಾಮ ಆಗುತ್ತೆ. "ಯಾರು ಓದ್ತಾರೆ ಅಂತ ಲಾಗ್ ಹಾಕಿದ್ದೀಯ" ಅಂತ ಇದುವರೆಗೆ ಯಾವ ಮ್ಯಾನೇಜರೂ ನನ್ನನ್ನು ಕೇಳಿಲ್ಲ. ಒಂದು ಮೆಷಿನ್ನಿನ ದಿನಕ್ಕೆ ಸಿಗುವ ಈ ಮರ್ಯಾದೆ ಮನುಷ್ಯನ ದಿನಕ್ಕೆ ಯಾಕಿಲ್ಲ?

ಮೆಷಿನ್ನಿನ ಮಾತು ಬೇಡ ಅಂತೀರಾ? ಸರಿ, ನಮ್ಮ ಹೆಬ್ಬಾಳಕ್ಕೇ ಬನ್ನಿ. ಇವತ್ತು ಹೆಬ್ಬಾಳ ಅಂದರೆ ಎಲ್ಲರಿಗೂ ಫ್ಲೈಓವರ್, ಟ್ರಾಫಿಕ್ ಜಾಮ್, ಏರ್‌ಪೋರ್ಟಿನ ದಾರಿ. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ವೀರಗಲ್ಲು. ಅದರ ಮೇಲೆ ಹಳಗನ್ನಡದ ಅಕ್ಷರಗಳು. ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲದ್ದು, ಅಂದರೆ ಕ್ರಿ.ಶ. 750ರ ಆಸುಪಾಸು. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲೇ ಬಹಳ ಹಳೆಯದು ಅಂತ ಇದನ್ನು ಗುರುತಿಸಿದ್ದಾರೆ. ಏನಿದೆ ಅದರಲ್ಲಿ? ಪೆರ್ಬೊಳಲು ನಾಡಿನ ಮೇಲೆ ರಟ್ಟವಾಡಿಯವರು ಬಿದ್ದಾಗ ಕಿತ್ತಯ್ಯ ಅನ್ನುವವನು ಹೋರಾಡಿ ಸತ್ತ. ಹೆಚ್ಚುಕಮ್ಮಿ ಇಷ್ಟೇ. ಆ ಪೆರ್ಬೊಳಲೇ ಇವತ್ತಿನ ಹೆಬ್ಬಾಳ.

ಕಿತ್ತಯ್ಯ ಸಿಂಹಾಸನದ ಮೇಲೆ ಕೂತ ರಾಜ ಅಲ್ಲ. ನಾವು ಓದಿದ ಪಠ್ಯಪುಸ್ತಕದಲ್ಲಿ ಅವನ ಹೆಸರು ಇರಲಿಲ್ಲ. ಆದರೂ ಯಾರೋ ಅವನ ಹೆಸರು, ನಾಡಿನ ಹೆಸರು, ಆಳುತ್ತಿದ್ದ ರಾಜನ ಹೆಸರು, ನಡೆದ ಘಟನೆ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದರು. ಯಾರು, ಎಲ್ಲಿ, ಯಾವಾಗ, ಏನಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದು ಅಚ್ಚುಕಟ್ಟಾದ ಲಾಗ್ ಎಂಟ್ರಿ! ಆ ಕಲ್ಲು ಎಷ್ಟು ಕಾಲ ಮಣ್ಣಿನಡಿ ಇತ್ತೋ, ಅಷ್ಟೂ ಕಾಲ ಅದಕ್ಕೆ ಓದುಗರ ಸಂಖ್ಯೆ ಸೊನ್ನೆ. ಹಾಗಂತ ಕೊರೆದದ್ದು ದಂಡ ಆಯ್ತಾ?

ಬೇಗೂರಿನ ಕಲ್ಲಿನ ವಿಷಯ ನಿಮಗೆಲ್ಲ ಗೊತ್ತಿರಬಹುದು. ಕ್ರಿ.ಶ. 890ರ ಸುಮಾರಿನದ್ದು. ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ನೆನಪಿಗೆ ಹಾಕಿಸಿದ್ದು. ವೀರಬಲ್ಲಾಳ ರಾಜ ಹಸಿದು ಬಂದ, ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ನಾವೆಲ್ಲ ಕಥೆ ಕೇಳಿಕೊಂಡು ಬೆಳೆದವರು. ಆ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಬೆಂಗಳೂರು ಅನ್ನೋ ಹೆಸರಿತ್ತು ಅಂತ ಸಾಬೀತು ಮಾಡಿದ್ದು ಯಾವ ಆಸ್ಥಾನ ಕವಿಯೂ ಅಲ್ಲ, ಮನೆಯವನೊಬ್ಬ ಸತ್ತಾಗ ಹಾಕಿಸಿದ ಆ ನಾಲ್ಕು ಸಾಲು. ರಾಜನ ಕಥೆಯನ್ನು ಸುಳ್ಳು ಮಾಡಬೇಕು ಅಂತ ಅವರು ಬರೆಸಲಿಲ್ಲ. ನಡೆದದ್ದನ್ನು ಬರೆಸಿದರು, ಅಷ್ಟೇ.

ಇನ್ನು ಬರೆಯದೇ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮನೆಯನ್ನೇ ನೋಡಿ.

ನನ್ನ ತಾತ ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವರು. ಎಚ್‌ಎಂಟಿ 1953ರಲ್ಲಿ ಶುರುವಾಗಿದ್ದು, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ವಾಚು ಮಾಡಲು ಹೊರಟಿದ್ದು, 2016ರಲ್ಲಿ ವಾಚಿನ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು, ಇದೆಲ್ಲ ಹುಡುಕಿದರೆ ಎರಡು ನಿಮಿಷದಲ್ಲಿ ಸಿಗುತ್ತೆ. ಸಿಗದೇ ಇರೋದು ಬೇರೆ. ಬೆಳಗಿನ ಶಿಫ್ಟಿಗೆ ತಾತ ಎಷ್ಟು ಗಂಟೆಗೆ ಮನೆ ಬಿಡ್ತಿದ್ರು? ಕೂದಲಿನಂಥ ಸ್ಪ್ರಿಂಗನ್ನು ಕೈ ನಡುಗದ ಹಾಗೆ ಹಿಡಿಯೋದು ಅವರಿಗೆ ಕಲಿಸಿದ್ದು ಯಾರು? ಪಕ್ಕದ ಬೆಂಚಿನವರು ಅವರನ್ನು ಏನಂತ ರೇಗಿಸ್ತಿದ್ರು? ನಾನು ಪಿಯುಸಿಯಲ್ಲಿದ್ದಾಗ ತಾತ ಹೋಗಿಬಿಟ್ಟರು. ಅವರ ಕೈಬರಹ ಅಂತ ಮನೆಯಲ್ಲಿ ಉಳಿದಿರೋದು ಒಂದೇ ಒಂದು ಲೆಕ್ಕದ ಪುಸ್ತಕ. ಹಾಲಿನವನಿಗೆ ಇಷ್ಟು, ರೇಷನ್ ಸಕ್ಕರೆಗೆ ಇಷ್ಟು, ಅತ್ತೆಯ ಸ್ಕೂಲ್ ಫೀಸು ಇಷ್ಟು. ಅದರ ಮಧ್ಯೆ 1974ರ ಜುಲೈನ ಒಂದು ಪುಟದ ಅಂಚಿನಲ್ಲಿ ಹೀಗಿದೆ:

"ಇವತ್ತು ಮಳೆ. ನಡೆದೇ ಬಂದೆ."

ನಾಲ್ಕು ಪದ. ಇಡೀ ಪುಸ್ತಕದಲ್ಲಿ ಹಣದ ಲೆಕ್ಕ ಅಲ್ಲದ್ದು ಅಂದರೆ ಇದೊಂದೇ. ಆಗ ಮನೆ ಇದ್ದದ್ದು ಮತ್ತಿಕೆರೆಯಲ್ಲಿ. ಜಾಲಹಳ್ಳಿಯಿಂದ ಮತ್ತಿಕೆರೆಗೆ ಮಳೆಯಲ್ಲಿ ಒಬ್ಬರೇ ಬಂದರಾ, ಜೊತೆಗೆ ಯಾರಾದರೂ ಇದ್ದರಾ? ಬಸ್ಸು ಬರಲಿಲ್ಲವಾ, ಇಲ್ಲಾ ಕಾಸು ಉಳಿಸಿದರಾ? ಅಷ್ಟು ವರ್ಷದಲ್ಲಿ ಆ ಒಂದು ಸಂಜೆಯನ್ನು ಮಾತ್ರ ಯಾಕೆ ಬರೆದರು? ಕೇಳೋಣ ಅಂದರೆ ಯಾರೂ ಇಲ್ಲ. ಅಜ್ಜಿ ಇದ್ದಾಗ ಹೇಳ್ತಿದ್ರು, "ಬರೀರಿ ಅಂದ್ರೆ 'ನಮ್ಮಂಥೋರದ್ದು ಏನಿರುತ್ತೆ ಬರೆಯೋಕೆ' ಅಂತಿದ್ರು" ಅಂತ.

ನನ್ನ ಜಗಳ ಇರೋದು ತಾತನ ಮೇಲಲ್ಲ, ಆ ವಾಕ್ಯದ ಮೇಲೆ. "ಯಾರು ಓದ್ತಾರೆ" ಅನ್ನೋದು ಅದೇ ವಾಕ್ಯದ ಇನ್ನೊಂದು ವೇಷ. ಯಾರ ಬದುಕು ಬರೆಯೋಕೆ ಯೋಗ್ಯ, ಯಾರದ್ದಲ್ಲ ಅಂತ ಯಾರೋ ಎಂದೋ ಗೆರೆ ಎಳೆದುಬಿಟ್ಟಿದ್ದಾರೆ. ನಾವು ಸುಮ್ಮನೆ ಗೆರೆಯ ಆಚೆ ನಿಂತುಬಿಟ್ಟಿದ್ದೇವೆ.

ಎರಡನೇ ಆಕ್ಷೇಪಣೆ ಸ್ವಲ್ಪ ಓದಿಕೊಂಡವರದ್ದು. "ಇದೆಲ್ಲ ಸಾಹಿತ್ಯ ಅಲ್ಲ." ಅಲ್ಲ ಸ್ವಾಮಿ, ಖಂಡಿತ ಅಲ್ಲ! ಆಗಲೇಬೇಕು ಅಂತ ಯಾರು ಹಟ ಹಿಡಿದಿದ್ದಾರೆ? ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಮೈಸೂರಿನ ದಿವಾನರಿಗೆ ಒಂದು ಸಂಪುಟ ಇದ್ದರೆ, ಹೃದಯವಂತರು ಅನ್ನೋ ಒಂದೇ ಕಾರಣಕ್ಕೆ ನೆನಪಿಟ್ಟುಕೊಂಡವರಿಗೂ ಒಂದು ಸಂಪುಟ ಇದೆ. ಅವರು ಬರೆಯದಿದ್ದರೆ ಆ ಎರಡನೆಯವರಲ್ಲಿ ಎಷ್ಟು ಜನರ ಹೆಸರು ಇವತ್ತು ನಮಗೆ ಗೊತ್ತಿರುತ್ತಿತ್ತು? ದಿವಾನರಿಗೇನು, ಸರ್ಕಾರಿ ಕಡತ ಇರುತ್ತೆ.

"ಟೈಮ್ ಎಲ್ಲಿದೆ ಮಾರಾಯ" ಅನ್ನೋರಿಗೆ ಮಾಸ್ತಿಯವರನ್ನು ನೆನಪಿಸುತ್ತೇನೆ. 1914ರಿಂದ 1943ರವರೆಗೆ ಮೈಸೂರು ಸರ್ಕಾರದ ನೌಕರಿ ಮಾಡಿದವರು. ಮೊದಲ ಕಥಾ ಸಂಕಲನ ಬಂದದ್ದು 1920ರಲ್ಲಿ, ನೌಕರಿಯಲ್ಲಿದ್ದಾಗಲೇ. ಮಾಸ್ತಿಯವರಿಗೆ ನಮ್ಮನ್ನು ಹೋಲಿಸಿಕೊಳ್ಳುವಷ್ಟು ಹುಂಬ ನಾನಲ್ಲ. ಆ ನೆಪಕ್ಕೆ ಮಾತ್ರ ಇದು ಉತ್ತರ. "ಕನ್ನಡದಲ್ಲಿ ಟೈಪ್ ಮಾಡೋದು ಕಷ್ಟ" ಅನ್ನೋ ನೆಪವೂ ಈಗ ನಡೆಯಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಬರಹ, ಆಮೇಲೆ ನುಡಿ, ಅದಾದ ಮೇಲೆ ಎಲ್ಲೆಡೆ ಯೂನಿಕೋಡ್... ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಪುಟ ತೆರೆದರೆ ಚಿತ್ರವಿಚಿತ್ರ ಚಿಹ್ನೆಗಳು ಕಾಣುತ್ತಿದ್ದ ಕಾಲ ಒಂದಿತ್ತು. ಈಗ ಜೇಬಿನಲ್ಲಿರೋ ಫೋನಿಗೂ ಕನ್ನಡ ಬರುತ್ತೆ. ಬರಬೇಕಾಗಿರೋದು ನಮಗೆ.

ಹೊಸ ಆಕ್ಷೇಪಣೆ ಒಂದಿದೆ. "ಈಗ ಎಐ ಇದೆಯಲ್ಲ, ಅದೇ ಬರೆದುಕೊಡುತ್ತೆ, ನೀನ್ಯಾಕೆ ಒದ್ದಾಡ್ತೀಯ?" ನಾನು ದಿನಾ ಅದರ ಜೊತೆಗೇ ಕೆಲಸ ಮಾಡೋನು, ಅದರ ಮೇಲೆ ಕೋಪ ಏನಿಲ್ಲ. ಹೆಬ್ಬಾಳದ ಬಗ್ಗೆ ಬರಿ ಅಂದರೆ ಬರೆಯುತ್ತೆ. ಕೆರೆ, ಫ್ಲೈಓವರ್, ಟ್ರಾಫಿಕ್. ಯಾಕಂದ್ರೆ ಬೇರೆಯವರು ಬರೆದಿಟ್ಟಿರೋದು ಬಹುಪಾಲು ಅಷ್ಟೇ. ಬಸ್ ಸ್ಟಾಪಿನಲ್ಲಿ ಸೊಪ್ಪು ಮಾರುವ ಅಜ್ಜಿ ಮಳೆ ಬಂದಾಗ ತಾನು ನೆನೆದು ಪ್ಲಾಸ್ಟಿಕ್ ಹಾಳೆಯನ್ನು ಸೊಪ್ಪಿಗೆ ಹೊದಿಸೋದು ಅದಕ್ಕೆ ಹೇಗೆ ಗೊತ್ತಾಗಬೇಕು? ನೋಡಿದವನು ನಾನು. ನಾನು ಬರೆಯದಿದ್ದರೆ ಅದು ಎಲ್ಲೂ ಇರಲ್ಲ.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಏನೇನು ಬದಲಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಯಲಹಂಕ, ಕೊಡಿಗೇಹಳ್ಳಿ, ಜಕ್ಕೂರು, ಥಣಿಸಂದ್ರ... ಮುಂದೊಂದು ದಿನ ಈ ಊರುಗಳ ಬಗ್ಗೆ ಯಾರಾದರೂ ಹುಡುಕಿದರೆ ಸಿಗೋದೇನು? "ಏರ್‌ಪೋರ್ಟಿನಿಂದ ಇಪ್ಪತ್ತೇ ನಿಮಿಷ" ಅನ್ನೋ ಬಿಲ್ಡರುಗಳ ಜಾಹೀರಾತು, ಅದೂ ಇಂಗ್ಲಿಷಿನಲ್ಲಿ. ಕೆಂಪೇಗೌಡರ ಮನೆತನ ಆಳಿದ ಯಲಹಂಕ ನಾಡಿನಲ್ಲಿ ಕನ್ನಡದಲ್ಲಿ ದಿನ ಕಳೆದವರು ಏನು ತಿಂದರು, ಏನಕ್ಕೆ ನಕ್ಕರು, ಎಲ್ಲಿ ಬಾಡಿಗೆಗಿದ್ದರು ಅನ್ನೋದು ಬಿಲ್ಡರ್ ಬರೆಯಲ್ಲ. ಅವನ ಕೆಲಸವೂ ಅಲ್ಲ. ನಮ್ಮ ಕೆಲಸ.

ಕೊನೆಗೆ ನಮ್ಮವರಿಗೇ ಎರಡು ಮಾತು, ಬೇಜಾರು ಮಾಡ್ಕೋಬೇಡಿ. ಜನವರಿಯಲ್ಲಿ ಹತ್ತು ಬರೆದು ಫೆಬ್ರವರಿಯಿಂದ ನಾಪತ್ತೆ ಆಗೋದನ್ನು ಬಿಡಿ. ನಿಲ್ಲಿಸುವವರಲ್ಲಿ ಬಹಳಷ್ಟು ಜನ ನಿಲ್ಲಿಸೋದು ಬರೆಯೋಕೆ ವಿಷಯ ಇಲ್ಲ ಅಂತಲ್ಲ, ಶಹಭಾಸ್ ಅನ್ನೋರು ಕಡಿಮೆ ಆದರು ಅಂತ. ಹೊಗಳಿಕೆಗೆ ಹುಟ್ಟಿದ ಬರಹ ಹೊಗಳಿಕೆ ನಿಂತ ದಿನ ಸಾಯುತ್ತೆ. ಇನ್ನೊಂದು, "ಬದುಕು", "ಕನಸು", "ಮೌನ" ಅಂತ ಗಾಳಿಯಲ್ಲಿ ಗೋಪುರ ಕಟ್ಟೋದು ಸ್ವಲ್ಪ ಕಮ್ಮಿ ಮಾಡೋಣ. ಅದು ಯಾವ ಊರಲ್ಲಿ ಯಾವ ವರ್ಷ ಕೂತು ಬರೆದರೂ ಒಂದೇ ಥರ ಇರುತ್ತೆ. ಮನೆಯ ಗುಟ್ಟು ಬೀದಿಗೆ ತನ್ನಿ ಅಂತಲೂ ಹೇಳ್ತಿಲ್ಲ. ಬೀದಿಯದ್ದನ್ನು, ಬಸ್ಸಿನದ್ದನ್ನು, ಆಫೀಸಿನದ್ದನ್ನು, ಅಡುಗೆಮನೆಯದ್ದನ್ನು ಬರೆಯಿರಿ. ಜಾಗದ ಹೆಸರು ಹಾಕಿ. ಬೆಲೆ ಹಾಕಿ. ಯಾರು ಏನಂದರು ಅಂತ ಅವರು ಆಡಿದ ಕನ್ನಡದಲ್ಲೇ ಬರೆಯಿರಿ. ಅದು ನಿಮ್ಮ ಕನ್ನಡಕ್ಕೆ ಹೋಲದಿದ್ದರೆ ಇನ್ನೂ ಒಳ್ಳೆಯದು.

ನಾನು ಬರೆಯೋದು ವಾರಕ್ಕೊಂದು. ಯಲಹಂಕ ಉಪನಗರದ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಕೂತು, ಭಾನುವಾರ ರಾತ್ರಿ ಊಟ ಆದ ಮೇಲೆ. ಕೆಲವು ವಾರ ಬರೀ ಆರು ಸಾಲು ಬರುತ್ತೆ, ಅದೂ ಸಪ್ಪೆ. ಇರಲಿ. ನಾಲ್ಕೇ ಪದಕ್ಕೆ ನಾನು ಎಷ್ಟು ಹಸಿದಿದ್ದೇನೆ ಅಂತ ನನಗೆ ಗೊತ್ತು. ಆರು ಸಾಲು ಅಂದರೆ ಹಬ್ಬದೂಟ.

ನೀವೂ ಇವತ್ತು ರಾತ್ರಿ ಮಲಗೋ ಮುಂಚೆ ಒಂದೈದು ಸಾಲು ಬರೆದು ನೋಡಿ. ತಾರೀಖು ಹಾಕೋದು ಮಾತ್ರ ಮರೀಬೇಡಿ.

ಏನಂತೀರಾ?