ಮೂಕಪ್ರಾಣಿಗೂ ವಿಮೆ: ಸಹಿ ಹಾಕುವ ಮೊದಲು ಓದಿ

ಬಾಂದ್ರಾದ ಕಾರ್ಟರ್ ರೋಡ್, ಬ್ಯಾಂಡ್‌ಸ್ಟ್ಯಾಂಡ್ ಕಡೆ ಬೆಳಗ್ಗೆ ಸಮುದ್ರದ ಗಾಳಿ ಸೇವಿಸಲು ಬರುವವರಲ್ಲಿ ಎರಡು ಕಾಲಿನವರ ಜತೆ ನಾಲ್ಕು ಕಾಲಿನವರೂ ಸಾಕಷ್ಟಿದ್ದಾರೆ. ನಾಯಿ ಸಾಕುವುದು ಪಾಲಿಹಿಲ್‌ನ ಬಂಗಲೆಯವರ ಶೋಕಿ ಎಂಬ ಕಾಲ ಯಾವತ್ತೋ ಹೋಯಿತು. ಖೇರ್‌ವಾಡಿಯ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲೂ ನಾಯಿ, ಬೆಕ್ಕು ಮನೆಯ ಸದಸ್ಯರಂತೆ ಬೆಳೆಯುತ್ತಿವೆ. ನಮ್ಮ ತುಳು-ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ, ಇಲ್ಲಿ ನಿವೃತ್ತ ತಂದೆ-ತಾಯಿಯ ಜತೆಗಿರುವುದು ಮಕ್ಕಳು ತಂದುಬಿಟ್ಟ ಲ್ಯಾಬ್ರಡಾರ್ ಮಾತ್ರ ಎಂಬ ಮನೆಗಳು ಎಷ್ಟಿಲ್ಲ?

ಆ ನಾಯಿ ಕಾಯಿಲೆ ಬಿದ್ದಾಗ ಪಿಂಚಣಿದಾರರ ಕೈ ನಡುಗುತ್ತದೆ. ಎಕ್ಸ್‌ರೇ, ರಕ್ತ ಪರೀಕ್ಷೆ, ಸಲೈನ್, ಶಸ್ತ್ರಚಿಕಿತ್ಸೆ ಎಂದು ಖಾಸಗಿ ಪಶುವೈದ್ಯರ ಬಿಲ್ಲು ಈಗ ಮನುಷ್ಯರ ಬಿಲ್ಲಿನ ಹತ್ತಿರಕ್ಕೆ ಬಂದಿದೆ. ಇಂಥ ಹೊತ್ತಿನಲ್ಲಿ ‘ನಿಮ್ಮ ನಾಯಿಗೂ ಮೆಡಿಕ್ಲೇಮ್ ಇದೆ, ಚಿಕಿತ್ಸೆಯ ಚಿಂತೆಯೇ ಬೇಡ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಇಂಪಾಗಿಯೇ ಕೇಳಿಸುತ್ತದೆ. ಆದರೆ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಬ್ಯಾಂಕಿನ ಕೌಂಟರಿನಲ್ಲಿ ವರ್ಷಾನುಗಟ್ಟಲೆ ಕುಳಿತವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಜನರು ಪ್ರೀಮಿಯಂನ ಅಂಕಿಯನ್ನು ಮೂರು ಸಲ ಓದುತ್ತಾರೆ, ಷರತ್ತಿನ ಪುಟವನ್ನು ಒಂದು ಸಲವೂ ಓದುವುದಿಲ್ಲ.

ಪ್ರಾಣಿಗೆ ವಿಮೆ ಎಂಬುದು ನಮ್ಮವರಿಗೆ ಹೊಸ ವಿಷಯವಲ್ಲ. ಊರಿನಲ್ಲಿ ಬ್ಯಾಂಕಿನಿಂದ ಸಾಲ ತೆಗೆದು ದನ ಕಟ್ಟಿ, ಸೊಸೈಟಿಗೆ ಹಾಲು ಹಾಕಿದ ಕುಟುಂಬಗಳಿಗೆ ದನದ ಕಿವಿಯ ಓಲೆ ಏನೆಂದು ಹೇಳಿಕೊಡಬೇಕಾಗಿಲ್ಲ. ಓಲೆ ಇಲ್ಲದಿದ್ದರೆ ಕ್ಲೈಮ್ ಇಲ್ಲ. ಪಾಲಿಸಿ ಆರಂಭವಾದ ಮೊದಲ 15 ದಿನಗಳಲ್ಲಿ ರೋಗ ಬಂದು ದನ ಸತ್ತರೆ ಸಾಮಾನ್ಯವಾಗಿ ಪರಿಹಾರ ಇಲ್ಲ. ಇನ್ನೂ ಮುಖ್ಯವಾದುದೆಂದರೆ ಆ ವಿಮೆ ದನ ಸತ್ತರೆ ಅದರ ಬೆಲೆ ಕೊಡುತ್ತದೆ, ದನದ ಡಾಕ್ಟರರ ಫೀಸನ್ನು ಕೊಡುವುದಿಲ್ಲ. ನಮ್ಮ ದೇಶದ ಸಾರ್ವಜನಿಕ ರಂಗದ ಕಂಪೆನಿಗಳ ಹಳೆಯ ನಾಯಿ ಪಾಲಿಸಿಗಳು ಕೂಡಾ ಬಹುಮಟ್ಟಿಗೆ ಇದೇ ಅಚ್ಚಿನವು. ನಾಯಿ ಅಪಘಾತದಿಂದಲೋ ರೋಗದಿಂದಲೋ ಸತ್ತರೆ ಅದರ ಮಾರುಕಟ್ಟೆ ಬೆಲೆಯ ಲೆಕ್ಕದಲ್ಲಿ ಹಣ ಸಿಗುತ್ತಿತ್ತು. ಬದುಕಿಸಲು ಆದ ಖರ್ಚಿಗೆ ಅದರಲ್ಲಿ ಜಾಗ ಇರಲಿಲ್ಲ.

ಈ ಚಿತ್ರ ಬದಲಾಗತೊಡಗಿದ್ದು ಇತ್ತೀಚೆಗೆ. 2020ರ ಆಗಸ್ಟ್‌ನಲ್ಲಿ ಅಂದಿನ ಬಜಾಜ್ ಅಲಯನ್ಸ್ ಕಂಪೆನಿ ಸಾಕುನಾಯಿಗಳಿಗೆ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ವಾಸದ ವೆಚ್ಚ ಕೊಡುವ ಪಾಲಿಸಿಯನ್ನು ತಂದಿತು. ಆ ಬಳಿಕ ಬೇರೆ ಖಾಸಗಿ ಕಂಪೆನಿಗಳೂ ಕಣಕ್ಕಿಳಿದವು. ಸ್ವೀಡನ್‌ನಂಥ ದೇಶದಲ್ಲಿ ನಾಯಿ ವಿಮೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಅಲ್ಲಿ ಹೆಚ್ಚಿನ ನಾಯಿಗಳಿಗೆ ವಿಮೆ ಇದೆ. ನಮ್ಮಲ್ಲಿ ಇದು ಇನ್ನೂ ಅಂಬೆಗಾಲಿಡುತ್ತಿರುವ ಕೂಸು. ಆದುದರಿಂದಲೇ ಕೊಳ್ಳುವವರು ಹೆಚ್ಚು ಜಾಗ್ರತೆ ವಹಿಸಬೇಕು.

ಈಗಿನ ಪಾಲಿಸಿಗಳಲ್ಲಿ ಏನೇನು ಸಿಗುತ್ತದೆ? ಇವು ಸಾಮಾನ್ಯವಾಗಿ ವಿಭಾಗ ವಿಭಾಗಗಳಾಗಿ ಬರುತ್ತವೆ. ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ವಾಸ ಒಂದು ವಿಭಾಗ. ಕ್ಯಾನ್ಸರ್‌ನಂಥ ಗಂಭೀರ ಕಾಯಿಲೆ ಇನ್ನೊಂದು. ಆಸ್ಪತ್ರೆಗೆ ಸೇರಿಸದೆ ಹೊರರೋಗಿಯಾಗಿ ತೋರಿಸಿದ ವೆಚ್ಚ, ದೀರ್ಘಕಾಲದ ಔಷಧೋಪಚಾರ, ಸಾವಿನ ಪರಿಹಾರ, ಕಳವು ಅಥವಾ ಕಾಣೆಯಾಗುವುದು, ನಾಯಿಯಿಂದ ಮೂರನೆಯವರಿಗೆ ಆದ ಹಾನಿಯ ಹೊಣೆ ಹೀಗೆ ಒಂದೊಂದೂ ಬೇರೆ ಬೇರೆ. ಪ್ರತಿ ವಿಭಾಗಕ್ಕೂ ಪ್ರತ್ಯೇಕ ಮಿತಿ, ಪ್ರತ್ಯೇಕ ಪ್ರೀಮಿಯಂ ಇರುತ್ತದೆ. ಅಂದರೆ ಹೋಟೆಲಿನ ಊಟದ ಭಾಷೆಯಲ್ಲಿ ಹೇಳುವುದಾದರೆ ಇದು ರೈಸ್‌ಪ್ಲೇಟ್ ಅಲ್ಲ. ಬೇಕಾದುದನ್ನು ಒಂದೊಂದಾಗಿ ಆರ್ಡರ್ ಮಾಡಬೇಕು, ಆರ್ಡರ್ ಮಾಡದೆ ಇದ್ದುದು ಮೇಜಿಗೆ ಬರುವುದಿಲ್ಲ.

ಇನ್ನು ಏನೇನು ಸಿಗುವುದಿಲ್ಲ ಎಂಬ ಪಟ್ಟಿ. ಓದಬೇಕಾದುದು ಇದನ್ನೇ. ಪಾಲಿಸಿ ಮಾಡುವ ಮೊದಲೇ ಇದ್ದ ಕಾಯಿಲೆ ಸೇರುವುದಿಲ್ಲ. ಹುಟ್ಟಿನಿಂದ ಅಥವಾ ವಂಶದಿಂದ ಬಂದ ದೋಷಗಳನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಜಾತಿಯ ದೊಡ್ಡ ನಾಯಿಗಳಿಗೆ ಸೊಂಟದ ಕೀಲು ಸಡಿಲವಾಗುವ ತೊಂದರೆ ಹೆಚ್ಚು. ವೈದ್ಯರು ಇದನ್ನು ಹಿಪ್ ಡಿಸ್‌ಪ್ಲಾಸಿಯಾ ಎನ್ನುತ್ತಾರೆ. ಇದು ಬಹುಮಟ್ಟಿಗೆ ವಂಶದಿಂದ ಬರುವ ತೊಂದರೆ. ಯಾವ ಕಾಯಿಲೆಯ ಭಯಕ್ಕೆ ವಿಮೆ ಮಾಡಿಸುತ್ತೇವೋ ಅದೇ ಕಾಯಿಲೆ ಹೊರಗಿರುವ ಸಾಧ್ಯತೆ ಇದೆ ಎಂದಾಯಿತು. ಚುಚ್ಚುಮದ್ದು, ಸಂತಾನಹರಣ, ಗರ್ಭ ಮತ್ತು ಹೆರಿಗೆ, ಹಲ್ಲಿನ ಸ್ವಚ್ಛತೆ, ಕೂದಲು ಕತ್ತರಿಸುವುದು, ಆಹಾರ, ಶಾಂಪೂ ಮುಂತಾದುವುಗಳ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ಮರಿ ಹಾಕಿಸಿ ಮಾರುವ ವ್ಯಾಪಾರಕ್ಕೆ ಬಳಸಿದ, ಕಾಳಗಕ್ಕೆ ಬಿಟ್ಟ, ಮಾಲಕರ ನಿರ್ಲಕ್ಷ್ಯದಿಂದ ಗಾಯಗೊಂಡ ಪ್ರಾಣಿಗೂ ಇಲ್ಲ. ಪಾಲಿಸಿ ಹಿಡಿದ ಮೊದಲ ಕೆಲವು ದಿನಗಳು ಕಾಯುವ ಅವಧಿ. ಆಗ ಬಂದ ರೋಗಕ್ಕೆ ಪರಿಹಾರವಿಲ್ಲ. ವಯಸ್ಸಿನ ಮಿತಿಯೂ ಇದೆ. ದೊಡ್ಡ ಜಾತಿಯ ನಾಯಿಗಳು ಬೇಗ ಮುಪ್ಪಾಗುವುದರಿಂದ ಅವುಗಳನ್ನು ಹೊಸದಾಗಿ ಸೇರಿಸುವ ವಯಸ್ಸು ಇನ್ನೂ ಕಡಿಮೆ. ನಾಯಿ ಮುದಿಯಾದ ಮೇಲೆ ವಿಮೆ ಹುಡುಕುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯೇ ಸರಿ.

ಇವೆಲ್ಲದರಲ್ಲಿ ಮುಂಬಯಿಯವರು ವಿಶೇಷವಾಗಿ ಗಮನಿಸಬೇಕಾದ ಷರತ್ತು ಚುಚ್ಚುಮದ್ದಿನದು. ರೇಬಿಸ್, ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ಮೊದಲಾದ ರೋಗಗಳಿಗೆ ಸಕಾಲದಲ್ಲಿ ಚುಚ್ಚುಮದ್ದು ಕೊಡಿಸಿದ ದಾಖಲೆ ಇಲ್ಲದಿದ್ದರೆ ಆ ರೋಗಗಳ ಕ್ಲೈಮ್ ತಿರಸ್ಕೃತವಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಈ ಭಾಗದ ಯಾರೂ ಮರೆತಿಲ್ಲ. ನೀರು ಇಳಿದ ಮೇಲೆ ಲೆಪ್ಟೊಸ್ಪೈರೋಸಿಸ್ ಜನರ ಪ್ರಾಣ ತೆಗೆಯಿತು. ಇಲಿ, ನಾಯಿ, ದನಗಳ ಮೂತ್ರ ಬೆರೆತ ನೀರಿನಿಂದ ಹರಡುವ ಈ ರೋಗ ನಾಯಿಯ ಮೂತ್ರಪಿಂಡ, ಪಿತ್ತಜನಕಾಂಗಗಳನ್ನು ಹಾಳುಮಾಡಿ ಮನೆಯವರಿಗೂ ಅಂಟಬಹುದು. ಇದರ ಚುಚ್ಚುಮದ್ದನ್ನು ವರ್ಷ ವರ್ಷವೂ ಕೊಡಿಸಬೇಕು. ಮಳೆಗಾಲಕ್ಕೆ ಮೊದಲು ಈ ಕೆಲಸ ಮಾಡಿಸಿ, ದಿನಾಂಕ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರುವ ಪುಸ್ತಕವನ್ನು ಪಾಸ್‌ಬುಕ್ಕಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೀಗೆ ಮಾಡಿದವರಿಗೆ ರೋಗವೂ ದೂರ, ಕ್ಲೈಮಿನ ತಕರಾರೂ ದೂರ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಈ ಅಂಕಿಗಳು ತಿಳಿವಳಿಕೆಗೆ ಮಾತ್ರ, ಯಾವುದೇ ಕಂಪೆನಿಯವಲ್ಲ. ನಾಯಿ ಏನನ್ನೋ ನುಂಗಿ ಹೊಟ್ಟೆಯ ಆಪರೇಶನ್ ಆಯಿತು ಎಂದಿಟ್ಟುಕೊಳ್ಳಿ. ಒಟ್ಟು ಬಿಲ್ಲು 42,000 ರೂಪಾಯಿ. ಅದರಲ್ಲಿ ಆಪರೇಶನ್ ಮತ್ತು ಆಸ್ಪತ್ರೆ ವಾಸ 30,000, ಮನೆಗೆ ಬಂದ ಮೇಲಿನ ತಪಾಸಣೆ ಮತ್ತು ಔಷಧ 8,000, ಆಹಾರ ಮತ್ತು ಚುಚ್ಚುಮದ್ದು 4,000. ನೀವು ಕೊಂಡದ್ದು ಶಸ್ತ್ರಚಿಕಿತ್ಸೆಯ ವಿಭಾಗ ಮಾತ್ರ. ಅದರಲ್ಲಿ ಶೇ. 10 ಮಾಲಕರೇ ಭರಿಸಬೇಕೆಂಬ ಷರತ್ತಿದೆ. ಆಗ ಕಂಪೆನಿಯಿಂದ ಬರುವುದು 27,000. ನಿಮ್ಮ ಕಿಸೆಯಿಂದ ಹೋಗುವುದು 15,000, ಜತೆಗೆ ಕಟ್ಟಿದ ಪ್ರೀಮಿಯಂ. ಇದು ಮೋಸವಲ್ಲ, ಬರೆದುಕೊಂಡ ಕರಾರು. ಆದರೆ ‘ಎಲ್ಲವೂ ಸಿಗುತ್ತದೆ’ ಎಂದು ನಂಬಿ ಬಂದವರಿಗೆ ಇದು ಮೋಸದಂತೆಯೇ ಕಾಣುತ್ತದೆ. ಇನ್ನೊಂದು ಮಾತು. ಮನೆಮಂದಿಯ ಆರೋಗ್ಯ ವಿಮೆಗೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತ ನಾಯಿಯ ವಿಮೆಗೆ ಇಲ್ಲ.

ಈ ವಿಷಯದ ಇನ್ನೊಂದು ಮಗ್ಗುಲನ್ನು ನಾವು ನೋಡಲೇಬೇಕು. ಬಾಂದ್ರಾದಲ್ಲಿ ನಮ್ಮ ಜನ ನಾಯಿಯ ಹಗ್ಗದ ಒಂದೇ ತುದಿಯಲ್ಲಿಲ್ಲ. ಫ್ಲ್ಯಾಟಿನ ಮಾಲಕರಾಗಿ ಇರುವಂತೆಯೇ ಮನೆಕೆಲಸದವರು, ವಾಚ್‌ಮನ್, ಡ್ರೈವರ್, ಹೋಟೆಲಿನಿಂದ ಪಾರ್ಸೆಲ್ ಒಯ್ಯುವ ಹುಡುಗರಾಗಿಯೂ ಇದ್ದಾರೆ. ನಾಯಿ ಕಚ್ಚಿದರೆ ಅದರ ಬಿಸಿ ಮೊದಲು ತಟ್ಟುವುದು ಇವರಿಗೆ. ಮೂರನೆಯವರ ಹಾನಿಯ ವಿಭಾಗ ಇದ್ದರೆ ಹೊರಗಿನವರಿಗೆ ಕೊಡಬೇಕಾದ ಪರಿಹಾರವನ್ನು ಕಂಪೆನಿ ಭರಿಸಬಹುದು. ಆದರೆ ಇಂಥ ಹೊಣೆ ವಿಮೆಗಳಲ್ಲಿ ಸಾಮಾನ್ಯವಾಗಿ ಮಾಲಕರ ಕುಟುಂಬದವರನ್ನೂ ಅವರ ಸಂಬಳದ ಕೆಲಸದವರನ್ನೂ ‘ಮೂರನೆಯವರು’ ಎಂದು ಲೆಕ್ಕಿಸುವುದಿಲ್ಲ. ದಿನವೂ ನಾಯಿಗೆ ಅನ್ನ ಹಾಕಿ, ಮೀಯಿಸಿ, ತಿರುಗಾಡಿಸುವ ಹೆಂಗಸಿನ ಕೈಗೆ ಅದೇ ನಾಯಿ ಕಚ್ಚಿದರೆ ಪಾಲಿಸಿ ಅವಳತ್ತ ತಿರುಗಿ ನೋಡದಿರಬಹುದು. ಪಾಲಿಸಿಯಲ್ಲಿ ಅವಳಿಲ್ಲ ಎಂದಾದರೆ ಅವಳ ಚಿಕಿತ್ಸೆಯ ಖರ್ಚು, ಕೆಲಸಕ್ಕೆ ಬಾರದ ದಿನಗಳ ಸಂಬಳ ಮಾಲಕರ ಹೊಣೆ ಎಂದು ಮೊದಲೇ ಮಾತಾಡಿಕೊಳ್ಳುವುದು ಮನುಷ್ಯತ್ವ. ನಾಯಿಯ ಆಪರೇಶನ್‌ಗೆ ವಿಮೆ ಇದ್ದು, ಅದನ್ನು ನೋಡಿಕೊಳ್ಳುವವಳ ಬೆರಳಿಗೆ ಇಲ್ಲದಿರುವುದು ಯಾವ ನ್ಯಾಯ?

ಕಾನೂನು ಕೂಡಾ ಸುಮ್ಮನಿಲ್ಲ. ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಮಾಲಕರಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಈ ಶಿಕ್ಷೆಗೆ ಯಾವ ವಿಮೆಯೂ ಇಲ್ಲ. ಮುಂಬಯಿ ಮಹಾನಗರಪಾಲಿಕೆಯ ನಾಯಿ ಲೈಸೆನ್ಸನ್ನು ಪಡೆದು ವರ್ಷ ವರ್ಷ ನವೀಕರಿಸುವುದು ಮಾಲಕರ ಕರ್ತವ್ಯ. ಅದಕ್ಕೆ ರೇಬಿಸ್ ಚುಚ್ಚುಮದ್ದಿನ ದಾಖಲೆ ಬೇಕೇ ಬೇಕು. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಾಂದ್ರಾ ಪಶ್ಚಿಮದಲ್ಲಿ ಪಾಲಿಕೆಯ ಭಾಭಾ ಆಸ್ಪತ್ರೆ ಇದೆ. ಅರಸಿನ, ಸುಣ್ಣ ಹಚ್ಚಿ ಕುಳಿತುಕೊಳ್ಳುವುದು ಪ್ರಾಣಕ್ಕೆ ಸಂಚಕಾರ.

ಹಾಗಾದರೆ ವಿಮೆ ಬೇಡವೇ? ಬೇಡ ಎನ್ನುವುದು ನಮ್ಮ ಅಭಿಪ್ರಾಯವಲ್ಲ. ಮರಿ ಚಿಕ್ಕದಿದ್ದು, ಆರೋಗ್ಯವಾಗಿದ್ದು, ಆದಾಯ ಸಾಕಷ್ಟಿದ್ದವರಿಗೆ ಇದೊಂದು ಒಳ್ಳೆಯ ಆಸರೆ. ಆದರೆ ಮನೆಯ ಯಜಮಾನರಿಗೇ ಆರೋಗ್ಯ ವಿಮೆ ಇಲ್ಲದೆ ನಾಯಿಗೆ ಮಾಡಿಸುವುದು ಹಾಸಿಗೆ ಇದ್ದಷ್ಟು ಕಾಲು ಚಾಚಿದಂತಲ್ಲ. ವಯಸ್ಸು ಮೀರಿದ ನಾಯಿ ಇದ್ದವರು ಅದರ ಹೆಸರಿನಲ್ಲಿ ತಿಂಗಳಿಗೊಂದಿಷ್ಟು ರಿಕರಿಂಗ್ ಡೆಪಾಸಿಟ್ ಕಟ್ಟಿದರೆ ಯಾವ ಷರತ್ತೂ ಇಲ್ಲದೆ ಕಷ್ಟಕಾಲಕ್ಕೆ ಹಣ ಕೈಗೆ ಬರುತ್ತದೆ. ಹಣವೇ ಇಲ್ಲದವರಿಗೆ ಪರೇಲ್‌ನಲ್ಲಿ ಹಳೆಯ ಮುಂಬಯಿಗರು ‘ಬೈಲ್‌ಘೋಡಾ ಆಸ್ಪತ್ರೆ’ ಎಂದು ಕರೆಯುವ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. 1874ರಲ್ಲಿ ಸ್ಥಾಪನೆಯಾದ ಪ್ರಾಣಿದಯಾ ಸಂಘ ಅದನ್ನು ನಡೆಸುತ್ತಿದೆ. 1886ರ ಮುಂಬಯಿ ಪಶುವೈದ್ಯಕೀಯ ಕಾಲೇಜು ಕೂಡಾ ಅಲ್ಲಿಯೇ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆಯೂ ತೆರೆದಿದೆ. ನಾಯಿಗಳೆಂದರೆ ಪ್ರಾಣವಾಗಿದ್ದ ರತನ್ ಟಾಟಾ ಅದೇ ವರ್ಷ ಅಕ್ಟೋಬರ್ 9ರಂದು ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು ಅವರ ಈ ಕನಸು ಕೈಗೂಡಿತು.

ವಿಮೆ ಮಾಡಿಸುವವರು ಮೂರು ಪ್ರಶ್ನೆಗಳನ್ನು ಬರಹದಲ್ಲೇ ಕೇಳಿ ಉತ್ತರ ಪಡೆಯಲಿ. ನನ್ನ ನಾಯಿಯ ಜಾತಿಗೆ ಸಾಮಾನ್ಯವಾಗಿ ಬರುವ ಕಾಯಿಲೆ ಇದರಲ್ಲಿ ಸೇರಿದೆಯೇ? ಕಾಯುವ ಅವಧಿ ಎಷ್ಟು ದಿನ? ಪ್ರತಿ ಕ್ಲೈಮಿನಲ್ಲಿ ನಾನು ಭರಿಸಬೇಕಾದುದು ಎಷ್ಟು? ಅರ್ಜಿಯಲ್ಲಿ ಹಳೆಯ ಕಾಯಿಲೆಯನ್ನು ಮುಚ್ಚಿಡಬಾರದು, ಏಜೆಂಟರು ಖಾಲಿ ಬಿಟ್ಟ ಜಾಗಕ್ಕೆ ಸಹಿ ಹಾಕಬಾರದು. ನಾಯಿಯ ಗುರುತಿಗೆ ಫೋಟೋ, ಸಾಧ್ಯವಾದರೆ ಮೈಕ್ರೋಚಿಪ್ ಇರಲಿ. ಕಿವಿಯ ಓಲೆಯ ಕೆಲಸವನ್ನೇ ಅದು ಮಾಡುತ್ತದೆ. ಕ್ಲೈಮನ್ನು ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಪರಿಹಾರ ಸಿಗದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಮೊರೆಹೋಗಬಹುದು. ಮುಂಬಯಿಯ ಆ ಕಚೇರಿ ಬಾಂದ್ರಾದ ಮಗ್ಗುಲಿನ ಸಾಂತಾಕ್ರೂಜ್ ಪಶ್ಚಿಮದ ಎಸ್.ವಿ. ರೋಡಿನಲ್ಲಿದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ನಮ್ಮವರು ಇದರ ಉಪಯೋಗ ಪಡೆಯದೆ ‘ಹೋಗಲಿ ಬಿಡಿ’ ಎಂದು ಸುಮ್ಮನಾಗುವುದೇ ಹೆಚ್ಚು.

ನಾಯಿಗೆ ತನ್ನ ಹೊಟ್ಟೆನೋವನ್ನು ಹೇಳಲು ಬಾಯಿಲ್ಲ, ಪಾಲಿಸಿ ಓದಲೂ ಬರುವುದಿಲ್ಲ. ಆ ಎರಡೂ ಕೆಲಸ ಅದನ್ನು ಮನೆಗೆ ತಂದವರದ್ದು. ಬರುವ ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಮನೆಯಲ್ಲೂ ಚುಚ್ಚುಮದ್ದಿನ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ವಿಮೆ ಇದ್ದವರು ಷರತ್ತಿನ ಪುಟವನ್ನೂ ತೆರೆಯಲಿ. ನಾಯಿಯನ್ನು ನೋಡಿಕೊಳ್ಳುವ ಕೈಗಳ ಕ್ಷೇಮವನ್ನೂ ಅದೇ ದಿನ ವಿಚಾರಿಸುವಂತಾಗಲಿ.